ನನ್ನ ಜೊತೆ ಉಪವಾಸ ಕೂತ ಅತ್ತೆ

ದೆವ್ವ ಬಿಡಿಸುವವನು ನನ್ನ ಬೆನ್ನಿಗೆ ಹೊಡೆಯಲು ಬೇವಿನ ಟೊಂಗೆ ಎತ್ತಿದಾಗ ಅತ್ತೆ ಅವನ ಕೈ ಹಿಡಿದರು. "ಕಾಲರಾದಾಗ ಕೂಸು ಹೋಗೈತಿ, ಅದಕ್ಕ ಮಾತು ಬಿಟ್ಟಾಳ. ದೆವ್ವ ಅಲ್ಲ, ಗಾಳಿ ಅಲ್ಲ. ನೀ ನಡಿಯಪ್ಪ," ಎಂದರು. ಕಂಪ್ಲಿಯ ನಮ್ಮ ಪಡಸಾಲೆಯಲ್ಲಿ ನೆರೆದಿದ್ದವರೆಲ್ಲ ಬೆಪ್ಪಾದರು. ಅವನನ್ನು ಕರೆಸಿದ್ದು ಮಾವನವರೇ.

ಲಿಂಗಪೂಜೆಯಾಗದೆ ತುತ್ತು ಎತ್ತದ ಮನೆ ನಮ್ಮದು. ನಾನು ಜಳಕ, ಪೂಜೆ, ಊಟ ಎಲ್ಲವನ್ನೂ ಬಿಟ್ಟು ಮೂಲೆ ಹಿಡಿದಿದ್ದೆ. ಮರುದಿನ ಅತ್ತೆ ಬಂದು ನನ್ನ ಪಕ್ಕದಲ್ಲೇ ಕೂತರು. "ಎದ್ದು ಜಳಕ ಮಾಡವ್ವ, ಇಬ್ರೂ ಕೂಡಿ ಪೂಜಿ ಮಾಡೂಣು. ಅಲ್ಲೀತನಕ ನಾನೂ ಉಪಾಸ."

ಹೊತ್ತು ಇಳಿಯಿತು. ಅವರ ತುಟಿ ಒಣಗಿದ್ದನ್ನು ನೋಡಲಾರದೆ ಎದ್ದೆ. ಬಚ್ಚಲಲ್ಲಿ ಅವರೇ ನನ್ನ ತಲೆಗೆ ಎಣ್ಣೆ ತಿಕ್ಕುತ್ತ, "ಗುರುಬಸವ ಹೆಂಗ ನಗತಿದ್ದ, ಹೇಳು," ಎಂದರು. ಕೂಸು ಹೋದ ಮೇಲೆ ಯಾರೂ ಅದರ ಹೆಸರೆತ್ತಿರಲಿಲ್ಲ. ಅಳು ಒಡೆದು ಬಂತು. ಅದರ ಹಿಂದೆಯೇ ಮಾತೂ ಬಂತು. ಅಂದಿನಿಂದ ಜಳಕ, ಪೂಜೆ, ಮಗನ ಮಾತು, ಇಷ್ಟನ್ನು ಅತ್ತೆ ಒಂದು ದಿನವೂ ತಪ್ಪಗೊಡಲಿಲ್ಲ.

ಈಗ ಕೂಸು ಕಳೆದುಕೊಂಡವಳಿಗೆ ದೆವ್ವ ಬಡಿದಿದೆ ಎಂದು ಯಾರೇ ಹೇಳಲಿ, ಎಣ್ಣೆ ಬಟ್ಟಲು ಹಿಡಿದು ನಾನು ಹೋಗುತ್ತೇನೆ. ಮೊದಲು ಕೂಸಿನ ಹೆಸರು ಕೇಳುತ್ತೇನೆ.