ಲಿಂಬೆಹಣ್ಣು ತೆಗೆದದ್ದು ನಾನು

ಕಪಾಟಿನ ಕೆಳಖಾನೆಯಿಂದ ತಗಡಿನ ಡಬ್ಬಿ ಎಳೆದು ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಉಪ್ಪಿನಕಾಯಿ ಭರಣಿ ಯಾಕ ತಗದ್ರೀ? ಕೆಟ್ಟೈತೇನು?"

ಕೆಟ್ಟಿದ್ದು ಉಪ್ಪಿನಕಾಯಿ ಅಲ್ಲ, ಫಿಲಂ. ಹಳೆಯ ಫಿಲಂ ಸಾಯುವಾಗ ಹೀಗೆ ಹುಳಿ ಹುಳಿ ನಾರುತ್ತದೆ ಎಂದು, ಎದುರಿಗೆ ಕುರ್ಚಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ಹೇಳಿದಳು. ಆಕೆ ಪುಣೆಯವಳು. ಹಳೆಯ ಫಿಲಂಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವುದು ಅವಳ ಕೆಲಸ. ಅವಳನ್ನು ನಾಗಪುರಕ್ಕೆ ಕರೆಸಿದವನು ಸಾವನೇರ್ ಗಣಿಗಳಿಂದ ಕಲ್ಲಿದ್ದಲು ಸಾಗಿಸುವ ಒಬ್ಬ ದೊಡ್ಡ ಗುತ್ತಿಗೆದಾರ. ಅವನು ಹಿಂಗಣಾ ರಸ್ತೆಯ ಒಂದು ಶೆಡ್ಡಿನಲ್ಲಿ ಹಳೆಯ ಐಷಾರಾಮಿ ಕಾರುಗಳನ್ನು ಗುಡ್ಡೆ ಹಾಕಿ ಮ್ಯೂಸಿಯಂ ಮಾಡುತ್ತಿದ್ದಾನೆ. ಆ ಕಾರುಗಳ ರಿಪೇರಿ ಕಲಿಸುವ ಫಿಲಂಗಳು ನನ್ನ ಬಳಿ ಇವೆಯೆಂದು ಯಾರೋ ಅವನ ಕಿವಿಗೆ ಹಾಕಿದ್ದರು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ರೈಲ್ವೆಯಲ್ಲಿದ್ದ ಅಪ್ಪನಿಗೆ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿತ್ತು. ಮಗ ಕಾರಕೂನನಾಗಲಿ ಎಂಬುದು ಅವನ ಆಸೆ. ನಾನು ಹೋಗಿ ಸೇರಿದ್ದು ವಿದೇಶಿ ಕಾರುಗಳ ವರ್ಕ್‌ಶಾಪು. ಗಣಿ ಮಾಲೀಕರ, ಜಮೀನ್ದಾರರ ಗಾಡಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆಗ ಹಿಡಿದ, ನಟ್ಟು ತಿರುವುವ ಪಾನಾ ಇವತ್ತಿಗೂ ಕೈಯಲ್ಲಿದೆ. ಯಾರ ಮುಂದೆಯೂ ಕೈ ಚಾಚಿಲ್ಲ. ಇದನ್ನು ಏಕೆ ಹೇಳುತ್ತೇನೆಂದರೆ, ನನ್ನ ಕಥೆಯನ್ನು ಬೇರೆಯವನೊಬ್ಬ ಬೇರೆ ರೀತಿ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ನನ್ನ ಹೆಂಡತಿಯ ಅಣ್ಣ.

ಅವನೂ ಅದೇ ವರ್ಕ್‌ಶಾಪಿನವನು. ಮೆಟ್ರಿಕ್ ಓದಿದ್ದ, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಕಾರಿನ ಕಂಪನಿಯವರು ಮೆಕ್ಯಾನಿಕ್‌ಗಳಿಗಾಗಿ ಫಿಲಂ ಕಳಿಸಿದ್ದರು. ಓಡುವ ಸಿನಿಮಾ ಅಲ್ಲ. ಉದ್ದನೆಯ ಪಟ್ಟಿಯ ಮೇಲೆ ಒಂದರ ಕೆಳಗೊಂದು ನಿಂತ ಚಿತ್ರಗಳು, ಜೊತೆಗೆ ಮಾತಾಡುವ ಗ್ರಾಮಫೋನ್ ರೆಕಾರ್ಡು. ಅಮೆರಿಕದ ಸಾಹೇಬ ಒಂದು ಮಾತು ಹೇಳಿ ಮುಗಿಸಿದರೆ ರೆಕಾರ್ಡಿನಲ್ಲಿ 'ಟಣ್' ಎಂದು ಸದ್ದಾಗುತ್ತಿತ್ತು. ಸದ್ದು ಕೇಳಿದ ಕೂಡಲೇ ಯಂತ್ರ ತಾನಾಗಿಯೇ ಮುಂದಿನ ಚಿತ್ರ ತೋರಿಸಬೇಕು. ನಾಗಪುರದ ಕರೆಂಟಿನಲ್ಲಿ ಅದು ಒಂದು ದಿನವೂ ತಾನಾಗಿ ತಿರುಗಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಗುಂಡಿ ತಿರುವುತ್ತಿದ್ದೆ. ಫಿಲಂ ಪೂರ್ತಿ ತಾನಾಗಿ ನಡೆಯುವ ವಸ್ತುಗಳದ್ದೇ ಬಡಾಯಿ: ತಾನಾಗಿ ಏರುವ ಗಾಜು, ತಾನಾಗಿ ಬದಲಾಗುವ ಗೇರು, ತಾನಾಗಿ ತಲೆ ಎತ್ತುವ ರೇಡಿಯೋ ಕಡ್ಡಿ. ಅವನ್ನೆಲ್ಲ ತೋರಿಸುವ ಯಂತ್ರಕ್ಕೆ ಮಾತ್ರ ನನ್ನ ಕೈ ಬೇಕು!

ರೆಕಾರ್ಡಿನ ಹತ್ತಿರ ಅವನ ಠಿಕಾಣಿ. ಪ್ರತಿ ಮಾತಿಗೂ ಮುಳ್ಳು ಎತ್ತಿ ನಮ್ಮ ಭಾಷೆಯಲ್ಲಿ ವಿವರಿಸುವುದು ಅವನ ಪಾಲಿನ ಕೆಲಸ. ತಿಳಿದಷ್ಟು ಹೇಳುತ್ತಿದ್ದ, ತಿಳಿಯದ್ದನ್ನು ಹುಟ್ಟಿಸಿಕೊಂಡು ಹೇಳುತ್ತಿದ್ದ.

"ಸಾಹೇಬ ಏನ ಹೇಳಾಕತ್ತಾನ ಗೊತ್ತೈತೇನು? ಗುಂಡಿ ತಿರುವೋ ಮಗಾ ಚಹಾ ಕುಡ್ದ ಕೈಲೆ ಫಿಲಂ ಮುಟ್ಟಬಾರ್ದಂತ!"

ಎಲ್ಲರೂ ನಗುತ್ತಿದ್ದರು. ಆಗ ನಾನೂ ನಕ್ಕೆ. ಮುಂದೆ ಅವನ ತಂಗಿಯನ್ನೇ ಮದುವೆಯಾದೆ. ಆ ಮನೆತನದ ಒಳ್ಳೆಯದೆಲ್ಲ ಅವಳ ಪಾಲಿಗೇ ಬಂದಿತ್ತು. ಅವನಿಗೆ ಉಳಿದದ್ದು ನಾಲಿಗೆ.

ಜಗಳದ ಮೂಲ ಒಂದು ಕಾರು. ಮ್ಯಾಂಗನೀಸ್ ಗಣಿಯ ಮಾಲೀಕರೊಬ್ಬರದ್ದು, ದೋಣಿಯಷ್ಟು ಉದ್ದ. ಅದರ ಡ್ಯಾಶ್‌ಬೋರ್ಡಿನ ಮೇಲೆ, ಸ್ಟೀರಿಂಗಿನ ಮುಂದೆ, ಗಾಜಿನ ಕಡೆ ಮುಖ ಮಾಡಿದ ಒಂದು ಕಣ್ಣು ಇತ್ತು. ಎದುರಿನ ವಾಹನದ ಬೆಳಕು ಆ ಕಣ್ಣಿಗೆ ಬಿದ್ದರೆ ನಮ್ಮ ಕಾರಿನ ದೀಪ ತಾನಾಗಿ ತಗ್ಗುತ್ತದೆ, ವಾಹನ ದಾಟಿದ ಮೇಲೆ ತಾನಾಗಿ ಏರುತ್ತದೆ. ಈ ಕಾರಿನಲ್ಲಿ ದೀಪಗಳು ಹುಚ್ಚು ಹಿಡಿದಂತೆ ಏರಿ ಇಳಿದು ಮಾಡುತ್ತಿದ್ದವು. ಕಾಮ್ಟಿ ರಸ್ತೆಯ ಲಾರಿಯವರು, ಏನೋ ಸನ್ನೆ ಮಾಡುತ್ತಿದ್ದಾರೆಂದು ಗಾಡಿ ನಿಲ್ಲಿಸಿ, ಏನೂ ಇಲ್ಲವೆಂದು ತಿಳಿದ ಮೇಲೆ ತಾಯಿ ತಂಗಿ ಎಲ್ಲ ಎಣಿಸಿ ಬೈದು ಹೋಗುತ್ತಿದ್ದರಂತೆ. ಕಣ್ಣು ಕಿತ್ತು ಬಿಸಾಡಿ ಎಂದು ಮಾಲೀಕರು ಹೇಳಿ ಕಳಿಸಿದರು.

ಕಾರಣ ಕಣ್ಣಲ್ಲ, ಕಾರಿನ ಚಾಲಕ. ಗಾಜಿನ ಬಿಂಬದಲ್ಲಿ ಆ ಕಣ್ಣು ತನ್ನನ್ನೇ ನೋಡುತ್ತದೆ, ದೃಷ್ಟಿ ತಾಗುತ್ತದೆ ಎಂದು ಹೆದರಿ, ಬಿಸಿಲುಪಟ್ಟಿಯಿಂದ ದಾರ ಇಳಿಬಿಟ್ಟು ಕಣ್ಣಿನ ಮುಂದೆಯೇ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ. ಗಾಡಿ ಓಡುವಾಗ ಲಿಂಬೆಹಣ್ಣು ತೂಗಾಡಿ ಕಣ್ಣು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ದೀಪವೂ ಹಾಗೆಯೇ ಕುಣಿಯುತ್ತಿತ್ತು. ಅದನ್ನು ಕಂಡುಹಿಡಿದವನು ನಾನು. ದಾರ ಹರಿದವನು ನಾನು. ಫಿಲಂನಲ್ಲಿ ಒಂದು ಚಿತ್ರವಿತ್ತು: ಒಂದು ಕೈ ಬಟ್ಟೆ ಹಿಡಿದು ಕಣ್ಣಿನ ಮುಂದಿನ ಗಾಜು ಒರೆಸುತ್ತಿದೆ. ಕಣ್ಣಿನ ಮುಂದೆ ಏನೂ ಅಡ್ಡ ಬರಬಾರದು ಎಂದು ಆ ಕೈಯೇ ನನಗೆ ಹೇಳಿತು.

ಲಿಂಬೆಹಣ್ಣು ನನ್ನ ಕೈಯಲ್ಲಿರುವಾಗಲೇ ಹೆಂಡತಿಯ ಅಣ್ಣ ಆಫೀಸಿಗೆ ಓಡಿ ವರ್ಕ್‌ಶಾಪಿನ ಸೇಠನಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದ. ಸೇಠ ಬೆನ್ನು ತಟ್ಟಿದ್ದು ಅವನದ್ದು. ಮುಂದೆ ಸೂಪರ್‌ವೈಸರ್ ಆದದ್ದೂ ಅವನೇ. ಕೇಳಿದರೆ, "ಕಣ್ಣಿನ ಮುಂದ ಏನೂ ತೂಗಬಾರ್ದಂತ ರೆಕಾರ್ಡಿನ್ಯಾಗ ಐತಿ, ನಾನ ಕೇಳಿ ಹೇಳೀನಿ, ನಾನ ತಗದೀನಿ" ಎಂದ. ಅಂದಿನಿಂದ ಇಂದಿನವರೆಗೆ ಇದೇ ಹಾಡು. ಮದುವೆ, ಮುಂಜಿ, ನಾಮಕರಣ, ಎಲ್ಲಿ ನಾಲ್ಕು ಕನ್ನಡದ ಮಂದಿ ಕೂಡಿದರೂ ಲಿಂಬೆಹಣ್ಣಿನ ಕಥೆ ಅವನ ಬಾಯಿಂದ ಉದುರುತ್ತದೆ.

ವರ್ಕ್‌ಶಾಪು ಮುಚ್ಚಿದಾಗ ಸೇಠ, ಬೇಕಾದ್ದನ್ನು ಒಯ್ಯಿರಿ ಎಂದ. ನಾನು ಫಿಲಂ ಡಬ್ಬಿ ಎತ್ತಿಕೊಂಡೆ. ಅವನು ಯಂತ್ರವನ್ನೂ ರೆಕಾರ್ಡುಗಳನ್ನೂ ಹೊತ್ತ. ಚಿತ್ರ ನನ್ನ ಮನೆಯಲ್ಲಿ, ಮಾತು ಅವನ ಮನೆಯಲ್ಲಿ. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ಪುಣೆಯ ಹೆಣ್ಣುಮಗಳು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಷ್ಟೋ ಕಡೆ ಹರಿದು ನಾವು ಅಂಟಿಸಿದ್ದ ತೇಪೆಗಳು. ನಡುನಡುವೆ ಚಿತ್ರಗಳೇ ಹೋಗಿವೆ. ಇನ್ನೊಂದು ಬೇಸಿಗೆ ಕಳೆದರೆ ಸುರುಳಿ ಬಿಚ್ಚಲಿಕ್ಕೇ ಬರುವುದಿಲ್ಲ ಎಂದಳು. ಈಗ ಇಳಿಸಿಕೊಂಡರೂ ರೆಕಾರ್ಡು ಇಲ್ಲದೆ ಯಾವ ಚಿತ್ರ ಯಾವ ಮಾತಿಗೆ ಎಂದು ತಿಳಿಯುವುದಿಲ್ಲ, ಅದಕ್ಕೆ ಅಂದು ಯಂತ್ರ ನಡೆಸಿದವರು ಇಬ್ಬರೂ ಬೇಕು ಎಂದಳು.

ಆ ಒರೆಸುವ ಕೈ ಹೋದರೆ ನನ್ನ ಸಾಕ್ಷಿ ಹೋಯಿತು. ಉಳಿಯುವುದು ಅವನ ಬಾಯಿ ಮಾತ್ರ. ಅದಕ್ಕೆ ಹುಳಿಯೂ ಹಿಡಿಯುವುದಿಲ್ಲ, ಗೆದ್ದಲೂ ಹತ್ತುವುದಿಲ್ಲ.

"ಹೋಗಿ ಕೇಳ್ರಿ," ಎಂದಳು ಹೆಂಡತಿ. "ನೀವಿಬ್ರೂ ಹೋದ ಮ್ಯಾಲ ಆ ಲಿಂಬಿಹಣ್ಣು ಯಾರ ಪಾಲಿಗೆ ಬರತೈತಿ? ಈಗ ಅರ್ಧರ್ಧ ಕೊಯ್ದ ಹಂಚಿಬಿಡ್ರಿ, ಮಕ್ಕಳ ಪಾಡು ತಪ್ಪತೈತಿ."

ಹೋದೆ. ಅವನು ಕೂಲರಿನ ಮುಂದೆ ಬನಿಯನ್ನಿನಲ್ಲಿ ಬಿದ್ದುಕೊಂಡಿದ್ದ. ಏಳಲಿಲ್ಲ.

"ಓಹೋ, ಮಿಸ್ತ್ರಿ! ರಸ್ತಾ ತಪ್ಪೀತೇನು?"

"ತಪ್ಪಿಲ್ಲ. ಫಿಲಂ ಉಳಸಾಕ ಪುಣೆಯಿಂದ ಒಬ್ಬಾಕಿ ಬಂದಾಳ, ಆಕಿಗೆ ಕಣ್ಣಿನ ರೆಕಾರ್ಡ್ ಬೇಕಾಗೈತಿ."

"ಕೂಡು. ನೀರು ಕುಡೀತಿ?"

"ನಿನ್ನ ಮನೀ ನೀರು ನನಗ ಪಚನ ಆಗಂಗಿಲ್ಲ."

"ಹಂಗಾರ ರೆಕಾರ್ಡ್ ಹೆಂಗ ಪಚನ ಆಗತೈತಿ?" ಎಂದು ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಎದ್ದು ಕುಳಿತು, "ಕೊಡಂಗಿಲ್ಲ. ನಾನ ತರ್ತೀನಿ. ಅದು ನನ್ನ ಕೈಯಾಗ ಅಷ್ಟ ಮಾತಾಡತೈತಿ. ಆ ಪುಣೆದಾಕಿಗೆ ಜರಾ ಕೇಳಸೂಣು ಸಾಹೇಬ ಏನ ಹೇಳ್ಯಾನಂತ. ನಿನ್ನ ಮುಂದನ ಕೇಳಸೂಣು."

ಅವನಿಗೂ ಸಾಕ್ಷಿಯೇ ಬೇಕಾಗಿತ್ತು.

ಶೆಡ್ಡಿಗೆ ಹೋದರೆ ಅದೇ ಕಾರು ನಿಂತಿದೆ! ಗಣಿ ಮಾಲೀಕರದ್ದು. ಗುತ್ತಿಗೆದಾರ ಎಲ್ಲಿಂದಲೋ ಹುಡುಕಿ ತಂದಿದ್ದಾನೆ. ಹೊಸ ಬಣ್ಣ ಬಳಿಸಿದ್ದಾನೆ, ಮುಖ ಕಾಣುವಷ್ಟು ಹೊಳಪು. ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದೆ, ಎಂಜಿನ್ ಇದ್ದ ಜಾಗದಲ್ಲಿ ಎಂಜಿನ್ ಇಲ್ಲ. "ಚಾಚಾ, ಹಾಥ್ ಮತ್ ಲಗಾನಾ," ಎಂದ ಗುತ್ತಿಗೆದಾರ. ನಾನು ಬೆನ್ನು ಹಚ್ಚಿ ಮಲಗಿ ರಿಪೇರಿ ಮಾಡಿದ್ದ ಗಾಡಿಯನ್ನು ಮುಟ್ಟಬೇಡ ಎಂದು ನನಗೇ ಹೇಳುತ್ತಾನೆ. ಫಿಲಂ ಕೆಲಸ ಮುಗಿಯಲಿ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಪುಣೆಯವಳು ಪಟ್ಟಿಯ ಒಂದೊಂದು ಚಿತ್ರವನ್ನೂ ಮೊದಲೇ ಫೋಟೋ ತೆಗೆದಿದ್ದಳು. ಅವನ್ನು ಗೋಡೆಯ ಮೇಲೆ ಬಿಡುವ ಯಂತ್ರದ ಗುಂಡಿಯನ್ನು ನನ್ನ ಕೈಗೆ ಕೊಟ್ಟಳು. ಅವನು ರೆಕಾರ್ಡಿನ ಪಕ್ಕ ಕುಳಿತ. ನಡುವೆ ಮೈಕು. ಅವಳಿಗೆ ಕನ್ನಡ ಬಾರದು. ಮರಾಠಿಯಲ್ಲಿ, "ಮೊದಲು ಹೇಗೆ ಮಾಡುತ್ತಿದ್ದಿರೋ ಹಾಗೆಯೇ ಮಾಡಿ, ಎಲ್ಲ ರೆಕಾರ್ಡ್ ಆಗುತ್ತದೆ" ಎಂದು ಕಿವಿಗೆ ಯಂತ್ರ ಹಾಕಿಕೊಂಡಳು.

ಚರಚರ ಸದ್ದು, ಬ್ಯಾಂಡಿನ ಸಂಗೀತ, ಆಮೇಲೆ ಹೊಟ್ಟೆ ತುಂಬಿದ ಆ ಸಾಹೇಬನ ದನಿ. ಟಣ್. ನನ್ನ ಬೆರಳು ತಾನಾಗಿ ಒತ್ತಿತು. ಅವನು ಮುಳ್ಳು ಎತ್ತಿ ಹಳೆಯ ಚಾಳಿಯಂತೆ ಕನ್ನಡದಲ್ಲಿ ಶುರು ಮಾಡಿದ. ಹೋದ ಚಿತ್ರಗಳ ಕಡೆ ನಾನು ಕೈ ಎತ್ತಿ ತಡೆದೆ, ಅವನು ನಿಂತ. ಸ್ವಲ್ಪ ಹೊತ್ತು ಕೆಲಸ ಬರೋಬರ್ ನಡೆಯಿತು. ಅವನ ಮುಖ ನೋಡದಿದ್ದರೆ ಸಾಕಿತ್ತು.

ಆಮೇಲೆ ಕಣ್ಣು ಬಂತು. ಟಣ್. ಕೈ ಬಂತು. ಬಣ್ಣವೆಲ್ಲ ಹಾರಿ ಬರೀ ಗುಲಾಬಿ ಉಳಿದಿತ್ತು. ಆದರೂ ಕೈ ಕೈಯೇ.

"ನೋಡು!" ಎಂದೆ. "ಕಣ್ಣ ತೆರದ ನೋಡು. ಇದನ್ನ ನೋಡೇ ನಾ ದಾರ ಹರದದ್ದು."

"ಗಾಜ ಒರಸೋ ಕೈ ಅದು. ಲಿಂಬಿಹಣ್ಣ ಎಲ್ಲೈತಿ ತೋರಸು."

"ಅಮೆರಿಕಾದಾಗ ಲಿಂಬಿಹಣ್ಣ ಕಟ್ಟತಾರೇನೋ, ಬುದ್ಧಿಗೇಡಿ?"

"ಕಟ್ಟಂಗಿಲ್ಲ, ಅದಕ್ಕ ಬಾಯಿಲೆ ಹೇಳ್ಯಾರ. ಕೇಳು!" ಎಂದು ಮುಳ್ಳು ಇಳಿಸಿದ. ಸಾಹೇಬ ಒಂದು ಮಾತಾಡಿದ. ಅವನು ಪುಣೆಯವಳ ಕಡೆ ತಿರುಗಿ ಮರಾಠಿಯಲ್ಲಿ, ಇದರ ಅರ್ಥ ಹೇಳು ತಾಯಿ ಎಂದ.

ಅವಳು ಹೇಳಿದಳು: "ಕಣ್ಣಿನ ಮುಂದಿನ ಗಾಜನ್ನು ದಿನಾಲೂ ಸ್ವಚ್ಛ ಬಟ್ಟೆಯಿಂದ ಒರೆಸಿ."

"ತೂಗುಬಿಡುವುದರ ಬಗ್ಗೆ?"

"ಏನೂ ಇಲ್ಲ."

ಅವನ ಬಾಯಿ ತೆರೆದದ್ದು ಹಾಗೆಯೇ ನಿಂತಿತು. ನನ್ನ ಜನ್ಮದಲ್ಲಿ ನಾನು ಕಂಡ ಚಲೋ ಚಿತ್ರ ಅದು.

"ಆತಲ್ಲ? ಇಷ್ಟು ವರ್ಷ ಸಾಹೇಬನ ಹೆಸರಿನ್ಯಾಗ ಸುಳ್ಳು ಮಾರಿದಿ!"

"ನಿನ್ನ ಚಿತ್ರದಾಗರ ಏನೈತಿ? ಅರಿವಿ ತುಂಡು!"

"ಲಿಂಬಿಹಣ್ಣ ತಗದವ ನಾನು!"

"ನಿನಗ ಸ್ಕ್ರೂ ಎಡಕ್ಕೋ ಬಲಕ್ಕೋ ಅನ್ನೂದು ಕಲಿಸಿದವ ನಾನು! ತಂಗಿ ಕೊಟ್ಟವ ನಾನು!"

ಮುಂದಿನದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನ ಹೊಟ್ಟೆಯ ಬಗ್ಗೆ, ನನ್ನ ಬೋಳುತಲೆಯ ಬಗ್ಗೆ, ಯಾರ ಮದುವೆಯಲ್ಲಿ ಯಾರು ಎಷ್ಟು ಜಿಲೇಬಿ ತಿಂದರು ಎಂಬುದರ ಬಗ್ಗೆ. ಟಣ್ ಎಂದಾಗ ನಾನು ಗುಂಡಿ ಒತ್ತುತ್ತಲೇ ಬೈದೆ. ಅವನು ಮುಳ್ಳು ಎತ್ತುತ್ತಲೇ ಬೈದ. ಪುಣೆಯವಳು ಹೆಬ್ಬೆರಳು ಎತ್ತಿ ಎತ್ತಿ ಹುರಿದುಂಬಿಸುತ್ತಿದ್ದಳು. ನಾವು ಬಹಳ ಮನಸ್ಸಿಟ್ಟು ವಿವರಿಸುತ್ತಿದ್ದೇವೆಂದು ಅವಳು ತಿಳಿದಿದ್ದಳು.

ಅದು ಗೊತ್ತಾದದ್ದು ಮ್ಯೂಸಿಯಂ ತೆರೆದ ಭಾನುವಾರ. ನಾನು ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ, ಅವನೂ ಬಂದಿದ್ದ. ಕಾರಿನ ಪಕ್ಕದ ಗೋಡೆಯ ಮೇಲೆ ಫಿಲಂ ನಡೆಯುತ್ತಿತ್ತು. ಕೆಳಗೆ ಎರಡು ಗುಂಡಿ: ಒಂದು ಇಂಗ್ಲಿಷು, ಇನ್ನೊಂದು 'ಕನ್ನಡ ವಿವರಣೆ'. ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಧಾರವಾಡದ ಕಡೆಯ ಒಂದು ಕುಟುಂಬ ಬಂದಿತ್ತು. ಊರಿನ ಭಾಷೆ ಕಂಡು ಖುಷಿಯಿಂದ ಎರಡನೆಯದನ್ನೇ ಒತ್ತಿದರು. ಶೆಡ್ಡಿನ ತುಂಬ ನಾನು ಗರ್ಜಿಸಿದೆ: "ಅಮೆರಿಕಾದಾಗ ಲಿಂಬಿಹಣ್ಣ ಕಟ್ಟತಾರೇನೋ, ಬುದ್ಧಿಗೇಡಿ?" ಆ ಮನೆಯ ಯಜಮಾನಿ ಸೆರಗು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದಳು.

ಗುತ್ತಿಗೆದಾರ ಓಡಿ ಬಂದ. ವಿಷಯ ತಿಳಿದು ಮುಖ ಕೆಂಪಾಯಿತು. ಅಳಿಸು ಎಂದು ಪುಣೆಯವಳಿಗೆ ಹೇಳಿದ.

"ಇಂವಂದು ಅಳಿಸ್ರಿ," ಎಂದ ನನ್ನ ಹೆಂಡತಿಯ ಅಣ್ಣ.

"ಇಂವಂದು ಅಳಿಸ್ರಿ," ಎಂದೆ ನಾನು.

ಒಂದೇ ಮೈಕಿನಲ್ಲಿ ಸಿಕ್ಕ ದನಿಗಳು, ಬೇರೆ ಮಾಡಲು ಬರುವುದಿಲ್ಲ ಎಂದಳು ಅವಳು. ಅಳಿಸಿದರೆ ಇಬ್ಬರದ್ದೂ ಹೋಗುತ್ತದೆ.

ಚಿತ್ರದಲ್ಲಿ ಸಾಕ್ಷಿ ಸಿಗಲಿಲ್ಲ, ಮಾತಿನಲ್ಲೂ ಸಿಗಲಿಲ್ಲ. ಲಿಂಬೆಹಣ್ಣು ತೆಗೆದವ ನಾನು ಎಂದು ನಾನು ಕೂಗಿದ್ದಷ್ಟೇ ಉಳಿದಿದೆ. ಅದೂ ಹೋಗಲೇ? "ಇರಲಿ. ಅಳಿಸಿದ್ರ ನನ್ನ ಫಿಲಂ ವಾಪಸ್ ಕೊಡ್ರಿ," ಎಂದೆ. ಅವನೂ ತನ್ನ ಲೆಕ್ಕ ಹಾಕಿರಬೇಕು. "ನನ್ನ ರೆಕಾರ್ಡೂ," ಎಂದ. ಗುತ್ತಿಗೆದಾರ ಹಣೆ ಚಚ್ಚಿಕೊಂಡು ಹೋದ.

ಆಗ ಇಬ್ಬರೂ ಕಾರಿನ ಕಡೆ ನೋಡಿದೆವು. ಬೆಳಿಗ್ಗೆ ಪೂಜೆ ಮಾಡಿಸಿದ್ದರು. ಡ್ಯಾಶ್‌ಬೋರ್ಡಿನ ಮೇಲಿನ ಆ ಕಣ್ಣು ಯಾವನಿಗೋ ಹೆದರಿಕೆ ಹುಟ್ಟಿಸಿರಬೇಕು. ಅದರ ಮುಂದೆಯೇ ಹೊಸ ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ತೂಗುತ್ತಿದ್ದವು.

ನಾನು ಈ ಕಡೆಯ ಬಾಗಿಲಿಗೆ ಹೋದೆ. ಅವನು ಆ ಕಡೆಯ ಬಾಗಿಲಿಗೆ ಹೋದ. ಸುತ್ತ ಜನ, ಎಲ್ಲರ ಕೈಯಲ್ಲಿ ಮೊಬೈಲು. ಈಗ ಯಾವನು ತೆಗೆಯುತ್ತಾನೋ ಫೋಟೋದಲ್ಲಿ ಅವನೇ. ನಾನು ಕೈ ಚಾಚಿದರೆ ಅವನು ಹಿಡಿಯುತ್ತಾನೆ. ಅವನು ಚಾಚಿದರೆ ನಾನು ಮುರಿಯುತ್ತೇನೆ. ಅದು ಇಬ್ಬರಿಗೂ ಗೊತ್ತಿತ್ತು.

"ಮನಿಗೆ ಬರ್ರಿ, ಹೊತ್ತಾತು," ಎಂದಳು ಹೆಂಡತಿ. ಗಂಡನಿಗೆ ಹೇಳಿದಳೋ ಅಣ್ಣನಿಗೆ ಹೇಳಿದಳೋ, ಇಬ್ಬರೂ ಅಲುಗಲಿಲ್ಲ. ಕೊನೆಗೆ ಕಾವಲುಗಾರ ನಮ್ಮಿಬ್ಬರನ್ನೂ ಹೊರಗೆ ಹಾಕಿ ಬಾಗಿಲು ಎಳೆದ.

ಲಿಂಬೆಹಣ್ಣು ಅಲ್ಲೇ ಇದೆ. ಪ್ರತಿ ಭಾನುವಾರ ಹೋಗಿ ನೋಡಿ ಬರುತ್ತೇನೆ. ಸಣ್ಣದಾಗಿ ಕಪ್ಪು ಹಿಡಿಯುತ್ತಿದೆ. ನಾನು ಹೋಗುವ ಹೊತ್ತಿಗೆ ಅವನು ಬಂದು ಆ ಕಡೆಯ ಬಾಗಿಲ ಹತ್ತಿರ ನಿಂತಿರುತ್ತಾನೆ.