ಬಸಿರಿಗೆ ಮುಂಚಿನ ಗುಳಿಗೆ

ಬಾತಿ ಊರಿನ ನಯನಾಳನ್ನು ಬಾಯಿಬಡುಕಿ ಎನ್ನುವವರು ಬೇಕಾದಷ್ಟು ಜನ. ಅನ್ನಲಿ ಬಿಡಿ! ಹತ್ತಿರದ ಕರೂರಿನ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರಗಳ ಗದ್ದಲದ ಮೇಲೆ ದನಿಯೆತ್ತಬೇಕಾದವಳು ಮನೆಯಲ್ಲಿ ಪಿಸುಗುಟ್ಟಲು ಎಲ್ಲಿ ಕಲಿಯಬೇಕು?

ಅವಳ ಚೊಚ್ಚಲ ಮಗು ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟಿ, ಮನೆಯ ಹೊಸಿಲು ಕಾಣದೆ ಹೋಯಿತು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಎಂದು ಓಣಿ ತೀರ್ಪು ಕೊಟ್ಟಿತು. ಅತ್ತೆ ಗುರುಶಾಂತಮ್ಮ ಅಲ್ಲವೆನ್ನಲಿಲ್ಲ. ನಯನಾ ಅತ್ತಳು. ಅತ್ತು ಮುಗಿಸಿ ಗಂಡ ಬಸವಕಿರಣನೊಂದಿಗೆ ಪೇಟೆಯ ಕೆ.ಬಿ. ಬಡಾವಣೆಯ ಡಾಕ್ಟರ ಹತ್ತಿರ ಹೋದಳು. ಇದರಲ್ಲಿ ನಿನ್ನ ತಪ್ಪೇನಿಲ್ಲ ಎಂದರು ಅವರು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಬಸಿರಿನ ಮೊದಲ ತಿಂಗಳಲ್ಲೇ, ಎಷ್ಟೋ ಸಲ ತಾಯಿಗೇ ಗೊತ್ತಾಗುವ ಮೊದಲು. ಆದ್ದರಿಂದ ಈ ಸಲ ಅದಕ್ಕೆ ಬೇಕಾದ ಸತ್ವವಾದ ಫೋಲಿಕ್ ಆಸಿಡ್ ಗುಳಿಗೆ ಬಸಿರಿಗೆ ಮುಂಚೆಯೇ ಶುರುವಾಗಬೇಕು.

ಆ ಮನೆಯಲ್ಲೋ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಎತ್ತುವಂತಿಲ್ಲ, ದೃಷ್ಟಿಯಾಗುತ್ತದಂತೆ. ಅಂಥಲ್ಲಿ ಬಸಿರೇ ಇಲ್ಲದವಳು ಗುಳಿಗೆ ನುಂಗುವುದೆಂದರೆ!

"ಇಲ್ಲದ ಕೂಸಿಗೆ ಔಷಧಿ ಯಾಕವ್ವ?" ಎಂದಳು ಗುರುಶಾಂತಮ್ಮ. "ಸೊಪ್ಪು, ಕಾಳು ತಿನ್ನು, ಸಾಕು."

"ತಿಂತೀನಿ ಅತ್ತೆ. ಆದ್ರೆ ನೀವು ಸೊಪ್ಪು ಬೇಯಿಸಿದ ನೀರು ಚೆಲ್ತೀರಿ, ಸತ್ವ ಅದ್ರಾಗೇ ಹೋಗ್ತೈತೆ. ಚೆಲ್ಲದಿದ್ರೂ ನನಗೆ ಅದೊಂದೇ ಸಾಲಲ್ಲ."

ಹರಿಹರದಿಂದ ಬಂದ ಪಕ್ಕದ ಮನೆಯ ಹೊಸ ಸೊಸೆ ಐಶ್ವರ್ಯಳಿಗೆ ಉಡಿ ತುಂಬುವ ದಿನ ಓಣಿಯ ಹೆಂಗಸರೆಲ್ಲ ಸೇರಿದ್ದರು. ನಯನಾ ಅಕ್ಕಿಗೆ ಕೈ ಹಾಕಿದಳು. ಹಿರಿಯಳು ಗಿರಿಯಮ್ಮ ತಡೆದಳು.

"ನೀ ಬ್ಯಾಡವ್ವ. ಕೂಸು ಕಳಕೊಂಡಾಕಿ."

ನಯನಾ ಅಕ್ಕಿಯಿಂದ ಕೈ ತೆಗೆದಳು. ಪರ್ಸಿನಿಂದ ಗುಳಿಗೆ ತೆಗೆದು ಎಲ್ಲರೆದುರೇ ನುಂಗಿದಳು.

"ಮುಂದಿನ ಕೂಸಿಗೆ ಅಂತ ಈಗ್ಲೇ ನುಂಗಾಕತ್ತೀನಿ. ಎಲ್ರೂ ನೋಡ್ರಿ, ದೃಷ್ಟಿ ಹಾಕೋರು ಹಾಕ್ರಿ! ಗ್ರಹಣದ ಮಾತು ಮಾತ್ರ ಇನ್ನ ನನ್ನ ಮುಂದೆ ಎತ್ತಬ್ಯಾಡ್ರಿ."

"ಇದನ್ನ ನುಂಗಿದ್ರೆ ಕೂಸು ನೆಟ್ಟಗೇ ಹುಟ್ಟತೈತೆ ಅಂತ ಡಾಕ್ಟ್ರು ಬರ್ಕೊಟ್ಟಾರೇನು?" ಗಿರಿಯಮ್ಮ ಬಿಡಲಿಲ್ಲ.

"ಇಲ್ಲ. ಅಪಾಯ ಕಡಿಮೆ ಆಗ್ತೈತೆ ಅಂದಾರೆ, ನನಗೆ ಅಷ್ಟು ಸಾಕು. ನಿಮ್ಮ ಬಾಯಿಗೆ ಹೆದರಿ ಇನ್ನೊಂದು ಕೂಸನ್ನ ಕಳಕೊಳ್ಳಾಕೆ ನಾನು ತಯಾರಿಲ್ಲ."

ಗುರುಶಾಂತಮ್ಮ ನೆಲ ನೋಡುತ್ತ ಕೂತಳು. ಆಗ ಮಣೆಯ ಮೇಲಿದ್ದ ಐಶ್ವರ್ಯ ಎದ್ದು, ನಾಲ್ಕು ಹೆಂಗಸರನ್ನು ದಾಟಿ ಬಂದು, ನಯನಾಳ ಮುಂದೆ ಸೆರಗೊಡ್ಡಿದಳು.

"ಮೊದ್ಲು ನೀವೇ ತುಂಬ್ರಿ ಅಕ್ಕಾ," ಎಂದಳು. "ನಾಳೆ ಗುಳಿಗೆ ಕೊಡೋ ಊರ ನರ್ಸಮ್ಮನ ಹತ್ರ ನನ್ನನ್ನೂ ಕರ್ಕೊಂಡು ಹೋಗ್ರಿ."