ಮಿಸ್ ಎಡಿತ್ ಅವರ ಗಾಜುಗಳು

ಆ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಇಳಿಸಿ, ಮಗಳ ಡಬ್ಬಿಗೆ ಸ್ಯಾಂಡ್‌ವಿಚ್ಚು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಆಮೇಲೆ ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟೆ. ಆಯುಧಪೂಜೆ. ಎಂಬತ್ತೈದನೇ ಇಸವಿಯ ಲಾಸ್ ಆಲ್ಟೋಸಿನ ಆ ಬೀದಿಯಲ್ಲಿ ಅದು ಗೊತ್ತಿದ್ದದ್ದು ನಮ್ಮದೊಂದೇ ಮನೆಗೆ.

"ಬೇಗ ಮುಗಿಸೇ, ಫ್ರೀವೇ ಜಾಮ್ ಆಗತ್ತೆ," ಎಂದರು ಇವರು. ಸೈಕಲ್ಲಿಗೂ ಹಚ್ಚಹೋದರೆ ಮಗಳು, "ಅಮ್ಮಾ, ನೋ!" ಎಂದು ಅಡ್ಡ ನಿಂತಳು.

ಮೈಸೂರಿನಲ್ಲಾದರೆ ಈ ದಿನ ದರ್ಜಿಯ ಕತ್ತರಿಯೂ ಮಿಂದು ಹೂ ಮುಡಿಯುತ್ತದೆ. ಇಲ್ಲಿ ನನ್ನ ಮಿಕ್ಸಿ, ಈಳಿಗೆಮಣೆ, ಅಷ್ಟೇ. ಆಗ ಪಕ್ಕದ ಮನೆಯ ಮಿಸ್ ಎಡಿತ್ ನೆನಪಾದರು.

ಈ ದೇಶದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದ ಮೊದಲಿಗರು ಅವರು. ಕೆನಡಾದ ಗೋಧಿ ಸೀಮೆಯವರು, ಖಗೋಳ ವಿಜ್ಞಾನಿ. ಅವರ ಕಾಲದಲ್ಲಿ ದೊಡ್ಡ ದೂರದರ್ಶಕದ ಹತ್ತಿರ ಹೆಂಗಸರನ್ನು ಬಿಡುತ್ತಿರಲಿಲ್ಲವಂತೆ. ಹಟ ಹಿಡಿದು ಕೂತವರು. ಆಕಾಶದ ಚಿತ್ರಗಳನ್ನು ಗಾಜಿನ ಹಲಗೆಗಳ ಮೇಲೆ ಹಿಡಿದವರು. ಪ್ರಬಂಧ ಅಚ್ಚಾದಾಗ ಮಾತ್ರ ಪ್ರೊಫೆಸರರ ಹೆಸರು.

"ನನ್ನ ಕೆಲಸವೆಲ್ಲ ಆ ಗಾಜುಗಳಲ್ಲಿದೆ, ಶಾರದಾ. ಶನಿವಾರ ಕೆನಡಾದ ಮ್ಯೂಸಿಯಮ್ಮಿನವರು ಬಂದು ತಗೊಂಡು ಹೋಗ್ತಾರೆ. ಕಡೆಗೂ ನನ್ನ ಹೆಸರಲ್ಲೇ ಇಡ್ತಾರಂತೆ," ಎಂದಿದ್ದರು. ಕಣ್ಣು ಆಗಲೇ ಮಸುಕಾಗಿತ್ತು.

ಆ ದಿನ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಅವರ ಮನೆಯದೊಂದು ಬೀಗದಕೈ ನನ್ನಲ್ಲಿರುತ್ತಿತ್ತು. ಗರಾಜೆಂದರೆ ಕಾರಿಗೆಂದು ಕಟ್ಟಿಸಿ ಸಾಮಾನು ತುಂಬುವ ಕೋಣೆ. ಅಲ್ಲಿದ್ದ ಗಾಜುಗಳ ಪೆಟ್ಟಿಗೆ ತೆರೆದೆ. ಬೂದು ಗಾಜಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಮೇಲೆ ಅಲ್ಲಲ್ಲಿ ಮಸಿಯ ಗೀಟು, ಮಕ್ಕಳು ಗೋಡೆಗೆ ಗೀಚಿದ ಹಾಗೆ. ಮಂಕು ಮಗ್ಗುಲಲ್ಲಿ ಚಿತ್ರವಿರುತ್ತದೆ, ಮುಟ್ಟಬಾರದು ಅನ್ನುವಷ್ಟು ಗೊತ್ತಿತ್ತು. ಹೊಳೆಯುವ ಮಗ್ಗುಲನ್ನಷ್ಟೇ ಒದ್ದೆ ಬಟ್ಟೆಯಿಂದ, ಕೂಸಿನ ಮುಖ ಒರೆಸುವ ಹಾಗೆ ಒರೆಸಿದೆ. ಪೆಟ್ಟಿಗೆಗೆ ಕುಂಕುಮವಿಟ್ಟು ಸೇವಂತಿಗೆ ಏರಿಸಿದೆ. ಊರು ಬಿಟ್ಟ ಮೇಲೆ ಮೊದಲ ಸಲ ಹಬ್ಬ ಅನ್ನಿಸಿತು. ನಿಮ್ಮಲ್ಲಿ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದಿರಿ.

ಮಧ್ಯಾಹ್ನ ಮಿಸ್ ಎಡಿತ್ ಬಂದರು. ಒಂದು ಗಾಜನ್ನು ಕಿಟಕಿಗೆ ಹಿಡಿದರು. ಇನ್ನೊಂದು. ಮೂರನೆಯದು.

"ಇಂಕಿನ ಸುತ್ತುಗಳಿದ್ದವಲ್ಲ, ಎಲ್ಲಿ?"

"ಕೊಳೆ ಅಂದ್ಕೊಂಡೆ, ಮಿಸ್ ಎಡಿತ್. ಇವತ್ತು ನಮ್ಮಲ್ಲಿ..."

"ಎಲ್ಲಾ ಒರೆಸಿದ್ಯಾ?"

"ಹೂಂ."

ಸಾವಿರಾರು ಚುಕ್ಕೆಗಳಲ್ಲಿ ಬೆಳಕು ಏರಿಳಿಯುವ ಒಂದೊಂದನ್ನೇ ಹುಡುಕಿ, ಸುತ್ತು ಹಾಕಿ, ಪಕ್ಕದಲ್ಲಿ ತಮ್ಮ ಕೈಯಾರೆ ಸಂಖ್ಯೆ ಬರೆದಿದ್ದರಂತೆ. ಹುಡುಕಿದ್ದು ಅವರೇ ಎನ್ನಲು ಉಳಿದಿದ್ದ ಗುರುತು ಅದೊಂದೇ. ಮತ್ತೆ ಹುಡುಕಲು ಈಗ ಕಣ್ಣಿಲ್ಲ.

ನಾನು ಅತ್ತೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. "ಬರಬೇಡಿ ಅಂತ ಅವರಿಗೆ ಫೋನ್ ಮಾಡ್ಬೇಕು. ನಂಬರ್ ಒತ್ತಿಕೊಡ್ತೀಯಾ? ನನಗೆ ಕಾಣಲ್ಲ," ಎಂದರು.

ಒತ್ತಿಕೊಟ್ಟೆ.

ಸಂಜೆ ಇವರು ಕಾರು ತಂದು ನಿಲ್ಲಿಸಿದಾಗ ನಾನು ಹೊರಗೇ ನಿಂತಿದ್ದೆ. ಮಿಸ್ ಎಡಿತ್ ಮನೆಯ ಪರದೆಗಳು ಇಳಿದಿದ್ದವು. ಎದುರು ಮನೆಯ ಕ್ಯಾರಲ್ ಹುಲ್ಲಿಗೆ ನೀರು ಬಿಡುತ್ತ ನಮ್ಮ ಕಾರಿನತ್ತ ನೋಡಿದಳು.

"ಅಯ್ಯೋ, ಯಾರೋ ಕೆಂಪು ಬಳಿದುಬಿಟ್ಟಿದ್ದಾರಲ್ಲ! ಯೋಚನೆ ಮಾಡ್ಬೇಡಿ, ಸೋಪು ಹಾಕಿ ಒರೆಸಿದ್ರೆ ಗುರುತೂ ಉಳಿಯಲ್ಲ."